ನಮ್ಮ ಹಗೇವಿನ ಗಾಳಿ

ಸೇಡಂನ ಹಳೇ ಊರಿನ ಹೆಬ್ಬಾಗಿಲಿಗೆ, ಅಂದರೆ ಅಗಸಿಗೆ, ಹತ್ತಿಕೊಂಡೇ ನಮ್ಮ ಮನೆ. ಅಗಸಿಯ ಆಚೆ ಬದಿಗೆ ಒಬ್ಬ ಮುಸ್ಲಿಂ ದರ್ಜಿಯ ಮನೆ. ಅವನೂ ನಾನೂ ಒಂದೇ ಶಾಲೆಗೆ ಹೋದವರು. ಈಗಲೂ ದಿನಾ ಸಂಜೆ ಅಗಸಿ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನೆಲ್ಲ ಆಡಿಕೊಳ್ಳುತ್ತೇವೆ. ಲಾರಿ ಹಾಯಲಿಕ್ಕೆ ಅಗಸಿ ಕೆಡವುತ್ತಾರೆಂಬ ಸುದ್ದಿ ವರ್ಷಕ್ಕೊಮ್ಮೆ ಹುಟ್ಟಿ ವರ್ಷಕ್ಕೊಮ್ಮೆ ಸಾಯುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳುವುದನ್ನು ಇಬ್ಬರೂ ಬಿಟ್ಟಿದ್ದೇವೆ.

ಹೋದ ತಿಂಗಳು ಕಲಬುರಗಿಯಿಂದ ಒಬ್ಬ ಹುಡುಗಿ ಬಂದಳು. ಗಡಿ ಊರುಗಳ ಹಳೇ ಕಟ್ಟಡಗಳ ಬಗ್ಗೆ ಬರೆಯುತ್ತಿದ್ದಾಳಂತೆ. ಅಗಸಿಯ ಎತ್ತರ ಅಗಲ ಅಳೆದಳು, ಬಾಗಿಲಲ್ಲಿ ಉಳಿದ ಗುಂಡಿನ ತೂತುಗಳ ಫೋಟೊ ತೆಗೆದಳು. ಆಮೇಲೆ ನಮ್ಮ ಅಂಗಳದ ಹಗೇವು ನೋಡಬೇಕೆಂದಳು. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕೋಣೆ ಅದು. ಬಾಯಿಗೆ ಒಂದು ಶಹಾಬಾದ್ ಕಲ್ಲು. ಬಹಳ ದಿನ ಮುಚ್ಚಿಟ್ಟರೆ ಒಳಗಿನ ಗಾಳಿ ಕೆಡುತ್ತದೆ. ಕಲ್ಲು ಸರಿಸಿ, ಒಂದು ಹೊತ್ತು ಬಿಟ್ಟು, ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಇಳಿಯುವ ಹಾಗಿಲ್ಲ. ಅವಸರ ಮಾಡಿ ಇಳಿದು ಸತ್ತವರ ಕತೆ ಸುತ್ತಲಿನ ಊರುಗಳಲ್ಲೆಲ್ಲ ಇದೆ.

ನಿಜಾಮರ ರಾಜ್ಯ ಮುಗಿಯುವ ಹೊತ್ತಿನ ಗದ್ದಲದಲ್ಲಿ ಮೊದಲು ರಜಾಕಾರರಿಂದ ನಮ್ಮ ಹಿಂದೂಗಳಿಗೆ ಜೀವಭಯ ಬಂತು. ಆಗ ದರ್ಜಿಯ ಅಜ್ಜ ನಮ್ಮ ಅಜ್ಜ ಅಜ್ಜಿಯನ್ನು ಮೂರು ದಿನ ತನ್ನ ಒಳಮನೆಯಲ್ಲಿಟ್ಟು ಉಳಿಸಿದ. ಸ್ವಲ್ಪ ದಿನಕ್ಕೆ ಪಾಳಿ ತಿರುಗಿ ಜೀವಭಯ ಮುಸ್ಲಿಮರಿಗೆ ಬಂತು. ದರ್ಜಿಯ ಅಜ್ಜ ತನ್ನ ತಮ್ಮನ ಕೈಹಿಡಿದು ಬಂದು ನಮ್ಮ ಹಗೇವಿನಲ್ಲಿ ಅಡಗಲು ಜಾಗ ಕೇಳಿದ. “ಗಾಳಿ ಕೆಟ್ಟದ, ಇಳೀಬ್ಯಾಡ್ರಿ” ಅಂದನಂತೆ ನಮ್ಮಜ್ಜ. ಅಣ್ಣತಮ್ಮ ಇಬ್ಬರೂ ಹೊಳೆಯ ಕಡೆ ಓಡಿದರು. ಅಣ್ಣ ಒಬ್ಬನೇ ತಿರುಗಿ ಬಂದ.

ಆವತ್ತು ಬೆಳಿಗ್ಗೆಯಷ್ಟೇ ನಮ್ಮಜ್ಜಿ ಅದೇ ಹಗೇವಿಗೆ ಇಳಿದು ಜೋಳ ತಂದಿದ್ದಳು. ಗಾಳಿಗೆ ಏನೂ ಆಗಿರಲಿಲ್ಲ. ಸಿಕ್ಕಿಬಿದ್ದರೆ ತನಗೂ ಕುತ್ತು ಎಂದು ಅಜ್ಜ ಹೆದರಿದ್ದ. ಇದನ್ನು ಅಜ್ಜಿ ನನಗೆ ಒಂದೇ ಸಲ ಹೇಳಿದಳು, ಜೋಳ ಹಸನು ಮಾಡುತ್ತಾ, ಮುಖ ಎತ್ತದೆ. ನಾನು ಯಾರಿಗೂ ಹೇಳಿಲ್ಲ. ಅಜ್ಜನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೊದಮೊದಲು ಗೆಳೆಯನ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಈಗ ಅದೂ ಜಡ್ಡುಗಟ್ಟಿದೆ. ಅವನ ಪಕ್ಕ ಕೂತು ಚಹಾ ಕುಡಿಯುತ್ತೇನೆ, ಅಷ್ಟೇ.

ಹಗೇವು ನೋಡಬೇಕೆಂದ ಹುಡುಗಿಯ ಮಾತು ಕೇಳಿ ದರ್ಜಿಯೂ ಕೊರಳಲ್ಲಿ ಟೇಪು ಹಾಕಿಕೊಂಡೇ ಎದ್ದು ಬಂದ.

“ಇದನ್ನ ಬರ್ಕೋ ಬೇಟಿ,” ಅಂದ. “ಇವರ ಮನಿ ಉಪಕಾರ ಭಾಳ ದೊಡ್ಡದು. ಗಾಳಿ ಕೆಟ್ಟದ ಅಂತ ಇವರಜ್ಜ ಖರೇ ಹೇಳಿದ್ರು. ಹೇಳಲಿಲ್ಲಂದ್ರ ಇಬ್ಬರೂ ಒಳಗೇ ಸಾಯ್ತಿದ್ರು. ನಮ್ಮಜ್ಜ ಕಣ್ಣು ಮುಚ್ಚೋತನಕ ಅವರಿಗೆ ದುವಾ ಮಾಡಿದ.”

“ಹೌದೇನ್ರಿ ಸರ್?” ಹುಡುಗಿ ನನ್ನ ಕಡೆ ತಿರುಗಿದಳು.

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅವನು ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

“ಹೌದವ್ವಾ” ಅಂದೆ.

ಬರೆದುಕೊಂಡಳು. ಕೆಳಗೆ ನನ್ನದೊಂದು ಸಹಿ ಕೇಳಿದಳು. ಹಾಕಿದೆ.