ಮೈಮೇಲೆ ಬಂದದ್ದು

ದೊಡ್ಡಮ್ಮ ಪಾದವನ್ನು ಬೇಕಾದ್ದಕ್ಕಿಂತ ಮೇಲೆತ್ತಿ, ನೆಲಕ್ಕೆ ಬಡಿದು ಇಡುತ್ತಿದ್ದರು. ನಡೆಯುವಾಗ ಕಣ್ಣು ಸದಾ ಪಾದದ ಮೇಲೆ. ಓದಲೆಂದು ನಾನು ತ್ಯಾಗರಾಜನಗರದ ಅವರ ಮನೆಯಲ್ಲಿದ್ದೆ. ಅವರು ಯಾವ ಕೋಣೆಯಲ್ಲಿದ್ದಾರೆಂದು ಸದ್ದಿನಿಂದಲೇ ತಿಳಿಯುತ್ತಿತ್ತು.

"ನೆಲ ನಿಂಗೇನು ಮಾಡ್ತು ಅಂತ ಹಂಗೆ ಒದೀತೀಯ?" ಎಂದು ದೊಡ್ಡಪ್ಪ ಪೇಪರಿನ ಹಿಂದಿನಿಂದ ಚುಚ್ಚುತ್ತಿದ್ದರು.

"ನೆಲ ಎಲ್ಲಿದೆ ಅಂತ ಕಾಲಿಗೆ ಗೊತ್ತಾಗಲ್ಲ ರೀ. ಸದ್ದು ಕೇಳಿ ತಿಳ್ಕೋತೀನಿ."

ಅವರಿಗೆ ಮಕ್ಕಳಿರಲಿಲ್ಲ. ಎರಡು ಹೊಟ್ಟೆಯಲ್ಲೇ ಹೋಗಿದ್ದವು. ತಪ್ಪು ದೊಡ್ಡಮ್ಮನ ಹಣೆಬರಹದ್ದೆಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ನನ್ನ ಪಾಠಗಳನ್ನು ಅವರೇ ಒಪ್ಪಿಸಿಕೊಳ್ಳುತ್ತಿದ್ದರು. ನಾನು ತಡವರಿಸಿದರೆ, "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು, ಸುತ್ತಿ ಬಳಸಬೇಡ" ಎನ್ನುವರು.

ಒಂದು ಶುಕ್ರವಾರ ಅಮ್ಮನ ಗುಡಿಯಲ್ಲಿ ಮಂಗಳಾರತಿಯಾಗುವಾಗ ದೊಡ್ಡಮ್ಮ ಕಣ್ಣು ಮುಚ್ಚಿ ಕೈಮುಗಿದರು. ಮೈ ತೂಗಿತು, ಬಿದ್ದರು. "ಅಮ್ಮ ಮೈಮೇಲೆ ಬಂದ್ಲು" ಎಂದರು ಯಾರೋ. ಹೆಂಗಸರು ಅವರ ಕೈಗೆ ನಿಂಬೆಹಣ್ಣು ಕೊಟ್ಟು ಸುತ್ತ ಕೂತರು.

"ತಾಯಿ, ನನ್ ಮಗಳಿಗೆ ಈ ವರ್ಷ ಕಂಕಣ ಕೂಡಿಬರುತ್ತಾ?"

ದೊಡ್ಡಮ್ಮ ನನ್ನ ಕಿವಿಯಲ್ಲಿ, "ಯಾರೂ ಬಂದಿಲ್ಲ ಕಣೇ. ಕಣ್ಣು ಮುಚ್ಚಿದ್ರೆ ಕಾಲೇ ಸಿಗಲ್ಲ" ಎಂದರು.

ದೊಡ್ಡಪ್ಪನಿಗೆ ಮಾತ್ರ ದೇವಿ ಅನುಕೂಲವಾದಳು. "ದೇವಿ ಬರೋರನ್ನ ಯಾರಾದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರಾ?" ಎನ್ನುತ್ತ ಎರಡು ವರ್ಷ ತಳ್ಳಿದರು. ಅಷ್ಟರಲ್ಲಿ ದೊಡ್ಡಮ್ಮನ ಕಾಲಿಗೆ ಮಿಂಚು ಹೊಡೆದಂಥ ನೋವು ಬರತೊಡಗಿತ್ತು. ಕೊನೆಗೆ ನಾನೇ ಜಯನಗರದ ನರರೋಗ ತಜ್ಞೆಯ ಬಳಿ ಕರೆದೊಯ್ದೆ. ದೊಡ್ಡಪ್ಪ ಹಿಂದೆಯೇ ಬಂದರು.

ಡಾಕ್ಟರ್ ಕಣ್ಣಿಗೆ ಟಾರ್ಚ್ ಬಿಟ್ಟರು, ಪಾಪೆ ಕುಗ್ಗಲಿಲ್ಲ. ಪೆನ್ನನ್ನು ಮೂಗಿನ ಹತ್ತಿರ ತಂದು ನೋಡಿಸಿದಾಗ ಕುಗ್ಗಿತು. ಪಾದ ಜೋಡಿಸಿ, ಕಣ್ಣು ಮುಚ್ಚಿಸಿ ನಿಲ್ಲಿಸಿದರು. ಬೀಳುವ ಮೊದಲೇ ಹಿಡಿದುಕೊಂಡರು.

"ಸಿಫಿಲಿಸ್ ನರಕ್ಕೆ ಇಳಿದಿರಬಹುದು. ದೈಹಿಕ ಸಂಬಂಧದಿಂದ ಯಾವಾಗಲೋ ಅಂಟಿರುತ್ತೆ. ಮಗು ಹೊಟ್ಟೆಯಲ್ಲೇ ಹೋಗೋದಕ್ಕೂ ಇದು ಕಾರಣ ಆಗ್ಬಹುದು. ರಕ್ತ ನೋಡ್ಬೇಕು, ಆಮೇಲೆ ಬೆನ್ನಿಂದ ನೀರು ತೆಗೆದು ನೋಡ್ಬೇಕು."

"ನಾವು ಮರ್ಯಾದಸ್ಥರು ಮೇಡಂ. ಆ ಟೆಸ್ಟೆಲ್ಲ ಬೇಡ, ಟಾನಿಕ್ ಬರ್ಕೊಡಿ" ಎಂದರು ದೊಡ್ಡಪ್ಪ.

"ಒಪ್ಪಬೇಕಾದ್ದು ಅವರು ಸಾರ್."

ದೊಡ್ಡಮ್ಮ ತೋಳು ಚಾಚಿದರು.

ರಕ್ತದಲ್ಲೂ ಬೆನ್ನಿನ ನೀರಿನಲ್ಲೂ ರೋಗ ಸಿಕ್ಕಿತು. ನೀವೂ ರಕ್ತ ಕೊಡಿ ಎಂದು ಡಾಕ್ಟರ್ ಹೇಳಿದಾಗ ದೊಡ್ಡಪ್ಪ ರೇಗಿದರು. "ನಂಗ್ಯಾಕೆ? ಮದುವೆಯಾದ ಹೊಸದ್ರಲ್ಲೇ ಇಂಜೆಕ್ಷನ್ ತಗೊಂಡು ವಾಸಿ ಮಾಡ್ಕೊಂಡಿದೀನಿ."

ದೊಡ್ಡಮ್ಮ ಅವರತ್ತ ತಿರುಗಿದರು. "ಒಂದು ಮಾತು ಹೇಳಿದ್ರೆ ಇಬ್ರೂ ಒಟ್ಟಿಗೇ ಹೋಗ್ಬರ್ತಿದ್ವಲ್ರೀ."

ಆಸ್ಪತ್ರೆಯಲ್ಲಿ ಎರಡು ವಾರ ರಕ್ತನಾಳಕ್ಕೆ ಪೆನ್ಸಿಲಿನ್ ಕೊಟ್ಟರು. ರೋಗ ನಿಂತಿತು, ಹೋದ ನರ ಹಿಂದಿರುಗಲಿಲ್ಲ. ಹೋದ ವರ್ಷ ದೊಡ್ಡಮ್ಮ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಬಚ್ಚಲಲ್ಲಿ ಬಿದ್ದರು. ತಲೆಗೆ ಪೆಟ್ಟಾಯಿತು, ಮತ್ತೆ ಏಳಲಿಲ್ಲ.

ಹಸಿರು ಸೀರೆ ಉಡಿಸಿ, ಬಳೆ ತೊಡಿಸಿದರು. "ಗಂಡನ ಮುಂದೆ ಮುತ್ತೈದೆಯಾಗಿ ಹೋದ್ಲು, ಪುಣ್ಯವಂತೆ. ಎಲ್ಲಾ ನೀವು ನೋಡ್ಕೊಂಡ ಪುಣ್ಯ" ಎಂದು ಬಂದವರು ದೊಡ್ಡಪ್ಪನಿಗೆ ಹೇಳುತ್ತಿದ್ದರು.

ದೊಡ್ಡಪ್ಪ ಕಣ್ಣೊರೆಸಿಕೊಂಡು, ಹೌದೆಂದು ತಲೆಯಾಡಿಸಿದರು.