ಕಿಲ್ಲಾದ ಮಣ್ಣು

ದೀಪಾವಳಿಗೆ ಒಂದು ವಾರ ಇರುವಾಗ, ಶನಿವಾರ ಬೆಳಿಗ್ಗೆ, ನಾನು ಒಂದು ಇಡೀ ಕೋಟೆಯನ್ನು ಟ್ರಾಕ್ಟರಿಗೆ ತುಂಬಿಸಿ ಕಳಿಸಿಬಿಟ್ಟೆ.

ನಿಜ ಹೇಳ್ತೀನಿ, ಅದು ಕೋಟೆ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಕಣ್ಣಿಗೆ ಕಂಡಿದ್ದು ನಮ್ಮ ಗೇಟಿನ ಪಕ್ಕದಲ್ಲಿ ಯಾರೋ ಸುರಿದು ಹೋಗಿದ್ದ ಕೆಂಪು ಮಣ್ಣು, ಕಲ್ಲು, ಹರಿದ ಗೋಣಿಚೀಲ, ಒಡೆದ ಹಂಚು.

ತುಮಕೂರಿನಿಂದ ಬೆಳಗಾವಿಗೆ ಬಂದು ಆರು ತಿಂಗಳಾಗಿತ್ತು. ಉದ್ಯಮಬಾಗದ ಒಂದು ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುವ ಕೆಲಸ, ಹಿಂದವಾಡಿಯಲ್ಲಿ ಬಾಡಿಗೆ ಮನೆ. ಕೆಲಸ ಚೆನ್ನಾಗಿತ್ತು, ಊರೂ ಚೆನ್ನಾಗಿತ್ತು. ಆದರೆ ಓಣಿಯಲ್ಲಿ ನನ್ನ ಹೆಸರು ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಎದುರಾದರೆ ಎಲ್ಲರೂ ನಗ್ತಾರೆ. ನಾನೂ ನಗ್ತೀನಿ. ಅಲ್ಲಿಗೆ ಮುಗೀತು.

ಒಬ್ಬಳೇ ಊಟ ಮಾಡಿ ಮಾಡಿ ಸಾಕಾಗಿತ್ತು. ದೀಪಾವಳಿ ಮುಗಿಯಲಿ, ತುಮಕೂರಿನ ಶಾಖೆಗೇ ವಾಪಸ್ ವರ್ಗ ಕೇಳೋಣ ಅಂತ ಮನಸ್ಸು ಮಾಡಿಕೊಂಡಿದ್ದೆ.

ಅಂಥ ಹೊತ್ತಿಗೆ ಈ ಮಣ್ಣಿನ ಗುಡ್ಡೆ. ಹಬ್ಬಕ್ಕೆ ಓಣಿ ಕ್ಲೀನ್ ಮಾಡಿದರೆ ನಾಲ್ಕು ಜನ ಮೆಚ್ಚಿಕೊಂಡಾರು ಅನ್ನೋ ಆಸೆ ಬೇರೆ! ರಸ್ತೆಯಲ್ಲಿ ಹೋಗುತ್ತಿದ್ದ ಟ್ರಾಕ್ಟರ್ ನಿಲ್ಲಿಸಿ, ಡ್ರೈವರ್‌ಗೆ ಟೀ ಕೊಟ್ಟು, ಎಲ್ಲವನ್ನೂ ಹೇರಿಸಿದೆ. ಜಾಗ ಗುಡಿಸಿ ರಂಗೋಲಿಯನ್ನೂ ಹಾಕಿದೆ.

ಅಷ್ಟಕ್ಕೇ ಸುಮ್ಮನಿದ್ದೆನಾ? ಇಲ್ಲ. ಓಣಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಮೊದಲು ಹೀಗಿತ್ತು, ಈಗ ಹೀಗಿದೆ ಅಂತ ಎರಡು ಫೋಟೋ ಹಾಕಿದೆ. ಅದು ಆ ಗ್ರೂಪಿನಲ್ಲಿ ನನ್ನ ಮೊದಲ ಮೆಸೇಜು.

ನೀಲಿ ಟಿಕ್ ಬಂತು. ಮತ್ತೇನೂ ಬರಲಿಲ್ಲ.

ಅರ್ಧ ಗಂಟೆ ಬಿಟ್ಟು ಬೆಲ್ಲಾಯಿತು. ಬಾಗಿಲಲ್ಲಿ ಪಕ್ಕದ ಮನೆಯ ಶ್ರಾವಣಿ, ಆರನೇ ಕ್ಲಾಸಿನ ಹುಡುಗಿ. ಹಿಂದೆ ಏಳೆಂಟು ಮಕ್ಕಳು.

"ಆಂಟಿ, ಇಲ್ಲೆ ನಮ್ಮ ಕಿಲ್ಲಾದ ಮಣ್ಣಿತ್ತಲ್ರಿ... ನೀವ ಒಗಸಿದ್ರಿ?"

ಕಿಲ್ಲಾ ಅಂದರೆ ಕೋಟೆ, ಒಗೆಯೋದು ಅಂದರೆ ಎಸೆಯೋದು. ಇಲ್ಲಿನ ಮಕ್ಕಳು ದೀಪಾವಳಿ ರಜೆಯಲ್ಲಿ ಮನೆ ಮುಂದೆ ಮಣ್ಣಿನ ಕೋಟೆ ಕಟ್ಟುತ್ತಾರಂತೆ. ಬುರುಜು, ಮೆಟ್ಟಿಲು, ಕಾವಲಿಗೆ ಸಣ್ಣ ಸಣ್ಣ ಗೊಂಬೆ ಸೈನಿಕರು, ಮೇಲೆ ಸಿಂಹಾಸನದಲ್ಲಿ ಮಹಾರಾಜರು. ನಾನು ಬರುವ ಮುಂಚೆ ಈ ಮನೆ ಖಾಲಿ ಇದ್ದದ್ದರಿಂದ ನಮ್ಮ ಗೇಟಿನ ಪಕ್ಕವೇ ಅವರ ಕಾಯಂ ಜಾಗ. ಮಣ್ಣು ಖಾನಾಪುರದಿಂದ ತರಿಸಿದ್ದು. ಎಣ್ಣೆ ಸ್ನಾನ, ಪಟಾಕಿ, ಹೋಳಿಗೆಯಷ್ಟೇ ಹಬ್ಬ ಅಂದುಕೊಂಡಿದ್ದ ನಾನು ಇಂಗು ತಿಂದ ಮಂಗನ ಹಾಗೆ ನಿಂತೆ.

ಆರು ತಿಂಗಳಿಂದ ನನ್ನನ್ನು ಯಾರೂ ಗುರುತಿಸುತ್ತಿಲ್ಲ ಅಂತ ಕೊರಗುತ್ತಿದ್ದವಳು, ಒಂದೇ ಬೆಳಿಗ್ಗೆಯಲ್ಲಿ ಇಡೀ ಓಣಿಗೆ ಗುರುತಾಗಿಬಿಟ್ಟೆ.

ಶ್ರಾವಣಿಯ ಅಜ್ಜಿ ಶಾಂತಕ್ಕ ಕಾಂಪೌಂಡ್ ಆಚೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರಂದರು:

"ಇರ್ಲಿ ಬಿಡ್ರಿ, ಗೊತ್ತಿಲ್ದ ಆಗೇತಿ. ನಾಳೆ ಖಾನಾಪುರಕ್ಕ ಹೋಗೂಣು. ಗಾಡಿ ಮಾತ್ರ ನಿಮ್ದು."

ಮಾಡಿದ್ದುಣ್ಣೋ ಮಹರಾಯ! ಭಾನುವಾರ ಬೆಳಿಗ್ಗೆ ನನ್ನ ಹಳೇ ಕಾರಿನಲ್ಲಿ ಶಾಂತಕ್ಕ, ಶ್ರಾವಣಿ, ಇನ್ನೂ ಮೂವರು ಮಕ್ಕಳು. ಶಾಂತಕ್ಕ ಕೂತ ಕೂಡಲೇ ನನ್ನ ಹೆಸರು, ಊರು, ಅಪ್ಪ ಅಮ್ಮ ಅಂತ ಸಂಬಳವೊಂದನ್ನು ಬಿಟ್ಟು ಉಳಿದದ್ದೆಲ್ಲ ಕೇಳಿ ಮುಗಿಸಿದರು. ಆರು ತಿಂಗಳ ಬಾಕಿ ಮಾತು ಒಂದೇ ದಾರಿಯಲ್ಲಿ ತೀರಿತು.

ಖಾನಾಪುರದಲ್ಲಿ ಶಾಂತಕ್ಕನ ತಮ್ಮ ಹಂಚಿನ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಮೊದಲು ಮರಾಠಿಯಲ್ಲಿ ಮಾತಾಡಿಸಿದರು, ನಾನು ಕಣ್ಣು ಕಣ್ಣು ಬಿಟ್ಟಿದ್ದು ನೋಡಿ ಕನ್ನಡಕ್ಕೆ ಬಂದರು. ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು.

"ಕಿಲ್ಲಾ ಒಗಸಿದಾವ್ರು ನೀವ ಏನ್ರಿ? ವೈರಿಗಳಿಗೆ ವರ್ಷಾನುಗಟ್ಲೆ ಬೇಕಾಗತಿತ್ತು, ನೀವು ಅರ್ಧ ತಾಸಿನ್ಯಾಗ ಮುಗಿಸಿದ್ರಂತಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಹೊಟ್ಟೆ ತುಂಬ. ಆಮೇಲೆ ಅವರು ಮಣ್ಣು ಆರಿಸುವುದನ್ನು ತೋರಿಸಿದರು. ಹಸಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ಬಿಟ್ಟರೆ ಉಂಡೆ ಹಾಗೇ ನಿಲ್ಲಬೇಕು, ಬಿರುಕು ಬಿಡಬಾರದು. ದಿನವಿಡೀ ಕಬ್ಬಿಣದ ಭಾಗಗಳನ್ನು ಅಳೆಯುವ ನನಗೆ ಈ ಪರೀಕ್ಷೆ ಎಷ್ಟು ಹಿಡಿಸಿತು ಅಂದರೆ, ನಾಲ್ಕೂ ಚೀಲದ ಮಣ್ಣನ್ನು ನಾನೇ ಹಿಚುಕಿ ನೋಡಿ ಪಾಸ್ ಮಾಡಿದೆ.

ಸಂಜೆಯಿಂದ ಕೆಲಸ ಶುರು. ಶ್ರಾವಣಿ ಮುಖ್ಯ ಇಂಜಿನಿಯರ್. ನನಗೆ ಸಿಕ್ಕ ಹುದ್ದೆ ನೀರು ಹೊರುವುದು, ಮಣ್ಣು ತುಳಿಯುವುದು. ನಿಜವಾದ ಇಂಜಿನಿಯರ್ ನಾನು ಅಂತ ಹೇಳಲು ಹೋಗಲಿಲ್ಲ!

ಮೂರನೇ ದಿನ ಎಡಗಡೆಯ ಬುರುಜು ಎರಡು ಸಲ ಕುಸಿಯಿತು. ಒಳಗೆ ಕಲ್ಲಿನ ಪಾಯ ಕೊಡೋಣವಾ ಅಂತ ಮೆಲ್ಲಗೆ ಕೇಳಿದೆ. ಶ್ರಾವಣಿ ಯೋಚಿಸಿ ಒಪ್ಪಿದಳು. ಬುರುಜು ನಿಂತಿತು! ಅವತ್ತು ನನಗಾದ ಖುಷಿ ಪ್ರಮೋಷನ್ ಸಿಕ್ಕಾಗಲೂ ಆಗಿರಲಿಲ್ಲ.

ಕೋಟೆಯ ಇಳಿಜಾರಿಗೆ ಹಸಿರು ಬರಲು ಅವರು ಸಾಸಿವೆ ಚೆಲ್ಲುತ್ತಾರೆ. ನಾನು ಅಡುಗೆಮನೆಯಿಂದ ಒಂದು ಹಿಡಿ ರಾಗಿ ತಂದೆ. ಹಬ್ಬದ ಹೊತ್ತಿಗೆ ಸಣ್ಣ ಹುಲ್ಲಿನ ಹಾಗೆ ಮೊಳಕೆ ಬಂದು, ಪಕ್ಕದ ಓಣಿಯವರೂ ನೋಡಲು ಬಂದರು. ಹಬ್ಬದ ಐದು ದಿನವೂ ನನ್ನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ.

ತುಳಸಿ ಲಗ್ನ ಮುಗಿದು ನಿನ್ನೆ ಕೋಟೆ ಬಿಚ್ಚಿದೆವು. ಮಕ್ಕಳು ಮಣ್ಣನ್ನು ಜರಡಿ ಹಿಡಿದು ನಾಲ್ಕು ಚೀಲ ತುಂಬಿದರು. ಎಲ್ಲಿಡಬೇಕು ಅಂತ ದೊಡ್ಡ ಚರ್ಚೆ ನಡೆಯಿತು. ಕೊನೆಗೆ ಶ್ರಾವಣಿ ತೀರ್ಪು ಕೊಟ್ಟಳು.

"ನಿಮ್ಮ ಮನ್ಯಾಗ ಇಡ್ತೀವ್ರಿ ಆಂಟಿ. ಬ್ಯಾರೇದವ್ರ ಕಡೆ ಇಟ್ರ, ಕಸಾ ಅಂತ ಒಗದಬಿಡ್ತಾರ."

ಅವಳ ಮುಖದಲ್ಲಿ ನಗು ಇರಲಿಲ್ಲ. ತಮಾಷೆ ಮಾಡುತ್ತಿರಲಿಲ್ಲ ಅವಳು.

ನಾಲ್ಕು ಚೀಲ ಮಣ್ಣು ಈಗ ನಮ್ಮ ಮೆಟ್ಟಿಲ ಕೆಳಗಿದೆ... ಮುಂದಿನ ದೀಪಾವಳಿವರೆಗೂ ನಾನು ಈ ಊರು ಬಿಡೋ ಹಾಗಿಲ್ಲ!