ಹುಲಿ ಚಿತ್ರದ ರಗ್ಗು

ಕುರಿ ಉಣ್ಣೆಯ ಕಂಬಳಿ ಕೊಂಡು ವಿದೇಶಕ್ಕೆ ಕಳಿಸುವುದು ನನ್ನ ಕೆಲಸ. ಶಿಕಾರಿಪುರದ ಹತ್ತಿರ ಕುರಿ ಸಾಕುವ ಬಸಮ್ಮನವರ ಮನೆಗೆ ಹೋದರೆ, ಅವರೇ ಹುಲಿ ಚಿತ್ರದ ಚೀನಾ ರಗ್ಗು ಹೊದ್ದು ಕೂತಿದ್ದರು.

“ಒಂದೇ ಕಂಬಳಿ ಉಳಿದೈತ್ರೀ, ಪೂಜೆಗೆ ದೇವರ ಮುಂದೆ ಹಾಸೋದು. ಒಯ್ಯಿರಿ.”

ನನಗೆ ಗಾಬರಿಯಾಯಿತು. “ಮತ್ತೆ ಪೂಜೆಗೆ?”

ಬಸಮ್ಮನವರು ಮೈಮೇಲಿನ ಹುಲಿಯನ್ನು ತಟ್ಟಿದರು. “ಇದೈತಲ್ಲ. ಶಿವ ಕೂರೋದು ಹುಲಿ ಚರ್ಮದ ಮ್ಯಾಲೇ ಅಲ್ಲೇನ್ರೀ?”

“ಅಮ್ಮಾ, ಇದು ಚೀನಾದ್ದು!”

“ಆಗ್ಲಿ ಬಿಡ್ರಿ. ಈಗ ಕೈಲಾಸಕ್ಕೆ ಹೋಗ್ಬೇಕಂದ್ರೂ ಚೀನಾದೋರನ್ನೇ ಕೇಳ್ಬೇಕಂತಲ್ಲ?”

ನಾನು ಕಂಬಳಿ ಮಡಚಿದೆ.

“ನೀವು ಕಳಿಸೋ ದೇಶದೋರು ಇದನ್ನ ಹೊದೀತಾರೇನ್ರೀ?”

“ಇಲ್ಲಮ್ಮ, ಚಂದಕ್ಕೆ ಗೋಡೆಗೆ ನೇತುಹಾಕ್ತಾರೆ.”

“ಅಯ್ಯೋ ಪಾಪ, ಅಲ್ಲಿ ಗೋಡೆಗೂ ಚಳಿಯೇನು?”

ಆ ಗೋಡೆಯ ವಿಷಯ ಗೊತ್ತಿಲ್ಲ. ಶಿವನಂತೂ ಬೆಚ್ಚಗಿರಬೇಕು.